ಬಡವರಲ್ಲಿ ಗ್ರಾಹಕರನ್ನು ಕಂಡ ಪ್ರಹ್ಲಾದ್: ಹಿಡಿದ ದಾರಿ ಸರಿಯೇ?

ಪರ

ಕೊಯಮತ್ತೂರಿನಲ್ಲಿ ಹುಟ್ಟಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಸಿ.ಕೆ. ಪ್ರಹ್ಲಾದ್ 1990ರಲ್ಲಿ ಗ್ಯಾರಿ ಹ್ಯಾಮೆಲ್ ಜೊತೆ ಬರೆದ ಒಂದೇ ಲೇಖನದಿಂದ ಉದ್ಯಮ ಜಗತ್ತಿನ ಗಮನ ಸೆಳೆದರು. ಕಂಪನಿಯ ಬಲವಿರುವುದು ಅದು ಮಾರುವ ಸರಕುಗಳಲ್ಲಲ್ಲ, ಅದಕ್ಕೆ ಕರಗತವಾದ ವಿದ್ಯೆಯಲ್ಲಿ ಎಂದರು. ಹೋಂಡಾದ ಕಾರು, ಬೈಕು, ಹುಲ್ಲು ಕತ್ತರಿಸುವ ಯಂತ್ರ ಎಲ್ಲದರ ಬೇರು ಎಂಜಿನ್ ವಿದ್ಯೆಯೇ ತಾನೇ? ಆ ಖ್ಯಾತಿಯ ನೆರಳಿನಲ್ಲೇ ಅವರು ಕೊನೆಯವರೆಗೂ ನೆಮ್ಮದಿಯಾಗಿ ಇರಬಹುದಿತ್ತು. ಅದನ್ನು ಬಿಟ್ಟು ಮುಂಬೈಯ ಕೊಳೆಗೇರಿ ಧಾರಾವಿಯ ಲೆಕ್ಕ ತೆಗೆದರು.

2002ರಲ್ಲಿ ಆಲನ್ ಹ್ಯಾಮಂಡ್ ಜೊತೆ ಅವರು ಮುಂದಿಟ್ಟ ಆ ಲೆಕ್ಕ ಇಂದಿಗೂ ಎದೆಗೆ ನಾಟುತ್ತದೆ. ಮುಂಬೈಯ ವಾರ್ಡನ್ ರಸ್ತೆಯ ಸಿರಿವಂತರಿಗಿಂತ ಧಾರಾವಿಯ ಜನ ನೀರಿಗೆ 37 ಪಟ್ಟು, ಭೇದಿಯ ಔಷಧಕ್ಕೆ 10 ಪಟ್ಟು ಹೆಚ್ಚು ಬೆಲೆ ತೆರುತ್ತಿದ್ದರು. ಬಡವರು ಕೊಳ್ಳುವುದಿಲ್ಲ ಎಂಬ ಮಾತೇ ಸುಳ್ಳು. ಕೊಳ್ಳುತ್ತಾರೆ, ಸುಲಿಗೆಯ ದರಕ್ಕೆ ಕೊಳ್ಳುತ್ತಾರೆ. ದೊಡ್ಡ ಕಂಪನಿಗಳು ಪೈಪೋಟಿಯಿಂದ ಅಗ್ಗಕ್ಕೆ ಮಾರಿದರೆ ಬಡವರಿಗೂ ಅನುಕೂಲ, ಕಂಪನಿಗೂ ಲಾಭ ಎಂಬುದು ಪ್ರಹ್ಲಾದ್ ತೀರ್ಮಾನ. ಬಡ ಅವರನ್ನು ಕರುಣೆಯ ಪಾತ್ರರೆಂದು ನೋಡುವುದಕ್ಕಿಂತ ಬೇಡವೆನ್ನುವ ಹಕ್ಕುಳ್ಳ ಗ್ರಾಹಕರೆಂದು ನೋಡುವುದೇ ಗೌರವ.

ಪ್ರಹ್ಲಾದ್ ಎತ್ತಿ ತೋರಿಸಿದ ಮದುರೈಯ ಅರವಿಂದ ಕಣ್ಣಾಸ್ಪತ್ರೆಯನ್ನೇ ನೋಡಿ. ವೈದ್ಯರು ಒಂದು ಮೇಜಿನ ಮೇಲೆ ಶಸ್ತ್ರಚಿಕಿತ್ಸೆ ಮುಗಿಸುವಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿಯನ್ನು ದಾದಿಯರು ಸಿದ್ಧಪಡಿಸಿರುತ್ತಾರೆ. ಹಣ ಕೊಡಬಲ್ಲವರ ಶುಲ್ಕದಿಂದ ಇಲ್ಲದವರ ಕಣ್ಣೂ ಬೆಳಗುತ್ತದೆ. ಬರೀ ಅನುಕಂಪದಿಂದ ಇಂಥ ಅಚ್ಚುಕಟ್ಟು ಬರುವುದಿಲ್ಲ.

ವಿರೋಧ

ಧಾರಾವಿಯ ಲೆಕ್ಕದ ಬಗ್ಗೆ ತಕರಾರಿಲ್ಲ. ಅದರಿಂದ ಪ್ರಹ್ಲಾದ್ ತೆಗೆದ ತೀರ್ಮಾನದ ಬಗ್ಗೆ ಇದೆ. 37 ಪಟ್ಟು ಬೆಲೆಗೆ ಬಡವರು ನೀರು ಕೊಳ್ಳುತ್ತಿದ್ದರೆ ಅಲ್ಲಿ ಬೇಕಾಗಿರುವುದು ಪಾಲಿಕೆಯ ನಲ್ಲಿ. ವಾರ್ಡನ್ ರಸ್ತೆಗೆ ಅಗ್ಗದ ನೀರು ಬಂದದ್ದೂ ಪೈಪೋಟಿಯಿಂದಲ್ಲ, ಸಾರ್ವಜನಿಕ ಕೊಳವೆಯಿಂದ.

2004ರ ಪುಸ್ತಕದಲ್ಲಿ ಅವರು ಲಾಭದ ಮೂಲಕವೇ ಬಡತನ ನಿರ್ಮೂಲನೆ ಎಂದರು. ಕಂಪನಿಗಳಿಗೆ ಇಷ್ಟು ಹಿತವಾದ ಮಾತು ಇನ್ನೊಂದಿರಲಾರದು, ಅದಕ್ಕೇ ಅನುಮಾನ ಬರಬೇಕು. ಮಿಶಿಗನ್‌ನಲ್ಲೇ ಅವರ ಸಹೋದ್ಯೋಗಿಯಾಗಿದ್ದ ಅನಿಲ್ ಕರ್ನಾನಿ 2007ರಲ್ಲಿ ಇದನ್ನು ಮರೀಚಿಕೆ ಎಂದು ಕರೆದರು. ಶಾಂಪೂವನ್ನು ಪುಟ್ಟ ಪೊಟ್ಟಣದಲ್ಲಿ ಕೊಟ್ಟರೆ ಇವತ್ತಿನ ಖರ್ಚು ನೀಗುತ್ತದೆ, ಸರಿ. ಆದರೆ ಕೊಳ್ಳುವವಳ ಕೂಲಿ ಒಂದು ಪೈಸೆಯೂ ಏರುವುದಿಲ್ಲ. ಬಡತನ ಕಳೆಯಬೇಕಾದರೆ ಅವಳ ದುಡಿಮೆಗೆ ಬೆಲೆ ಬರಬೇಕು, ಅವಳು ತಯಾರಿಸಿದ್ದನ್ನು ಕೊಳ್ಳುವವರು ಬೇಕು ಎಂಬ ಕರ್ನಾನಿಯವರ ವಾದ ಅಲ್ಲಗಳೆಯಲಾಗದ್ದು. ಇನ್ನು ಪದರ ಬೆಸೆದ ಆ ಖಾಲಿ ಪೊಟ್ಟಣ ಗುಜರಿಗೂ ಬೇಡ. ಚರಂಡಿ ಕಟ್ಟುವುದು ಬಡವರ ಕೇರಿಯಲ್ಲೇ.

ಲಾಭ ಸಿಗದಿದ್ದಾಗ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ನೀರು ಶುದ್ಧಗೊಳಿಸುವ ಪುಡಿಯನ್ನು ಬಡ ದೇಶಗಳಲ್ಲಿ ಮಾರಲು ಹೊರಟು, ವ್ಯಾಪಾರ ಕುದುರದೆ, ಕೊನೆಗೆ ಅದನ್ನು ನೆರವಿನ ಕಾರ್ಯಕ್ರಮವಾಗಿ ಬದಲಿಸಿತು. ಅರವಿಂದ ಆಸ್ಪತ್ರೆಯನ್ನು ನಡೆಸುವುದೂ ಒಂದು ದತ್ತಿ ಸಂಸ್ಥೆ; ಲಾಭಾಂಶ ಕೇಳುವ ಷೇರುದಾರರು ಅಲ್ಲಿಲ್ಲ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಅದನ್ನು ಕಟ್ಟಿದ್ದು ಕುರುಡುತನ ತಡೆಯಲೆಂದು. ಅಂಥ ಸೇವೆಯನ್ನು ಲಾಭದ ವಾದಕ್ಕೆ ಸಾಕ್ಷಿಯಾಗಿ ನಿಲ್ಲಿಸಿದ್ದನ್ನು ಒಪ್ಪಲಾಗದು.