ರಾತ್ರಿ ಹನ್ನೊಂದಕ್ಕೆ ಯಾರ ಬಾಗಿಲು ತಟ್ಟಬೇಕು?

ಹೋದ ವರ್ಷ ಜುಲೈನಲ್ಲಿ ನನ್ನ ಮಗ ಮೊದಲ ಸಲ ಮನೆಯವರು ಯಾರೂ ಇಲ್ಲದ ಕಡೆ ನಾಲ್ಕು ರಾತ್ರಿ ಮಲಗಿದ. ಅವನಿಗೆ 13 ವರ್ಷ. ಒಂದು ಕಾಲೇಜಿನ ಹಾಸ್ಟೆಲ್‌ನಲ್ಲಿ ಇಳಿಸಿಕೊಂಡು ನಡೆಸುವ, ಲಕ್ರಾಸ್ ಎಂಬ ಆಟದ ಕ್ಯಾಂಪ್ ಅದು. ಎರಡನೇ ರಾತ್ರಿ ಹನ್ನೊಂದಕ್ಕೆ ಅವನಿಗೆ ತಲೆನೋವು ಬಂತು, ವಾಂತಿಯಾಯಿತು. ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಓಡಿದ್ದ, ನೀರು ಸಾಲದಾಗಿತ್ತು. ರೂಮಿನಲ್ಲಿದ್ದ ಇನ್ನೊಬ್ಬ ಹುಡುಗನಿಗೆ ಗಾಢ ನಿದ್ದೆ. ಇವನು ಕಾರಿಡಾರಿಗೆ ಬಂದು ನಿಂತ. ಎರಡೂ ಕಡೆ ಒಂದೇ ಥರದ ಬಾಗಿಲುಗಳು. ಯಾವುದನ್ನು ತಟ್ಟಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಹುಡುಕಿಕೊಂಡು ಒಂದು ಮಹಡಿ ಕೆಳಗಿಳಿದ ಮೇಲೆ, ಮಕ್ಕಳನ್ನು ನೋಡಿಕೊಳ್ಳುವ ಕೌನ್ಸೆಲರ್ ಸಿಕ್ಕಿದ. ಕಾಲೇಜು ಓದುವ ಹುಡುಗ, ಒಳ್ಳೆಯವನು. ನೀರು ಕೊಟ್ಟು ಕೂರಿಸಿಕೊಂಡ. ತನ್ನ ಫೋನು ಚಾಚಿ "ಮನೆಗೆ ಮಾಡು" ಎಂದ. ನನ್ನ ಮಗನಿಗೆ ನನ್ನ ನಂಬರ್ ನೆನಪಿಗೆ ಬರಲಿಲ್ಲ. ಅದು ಅವನ ಫೋನಿನಲ್ಲಿತ್ತು, ಆ ಫೋನನ್ನು ಮೊದಲ ದಿನವೇ ಕ್ಯಾಂಪಿನವರು ತೆಗೆದಿಟ್ಟುಕೊಂಡಿದ್ದರು.

ಬೆಳಗಾಗುವ ಹೊತ್ತಿಗೆ ಸರಿಹೋದ. ನನಗೆ ವಿಷಯ ತಿಳಿದದ್ದು ಐದನೇ ದಿನ, ಅವನನ್ನು ಕರೆದುಕೊಂಡು ಬರುವಾಗ ಕಾರಿನಲ್ಲಿ. ಇಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನಮ್ಮ ಸುತ್ತಮುತ್ತ ಕನ್ನಡದ ಮನೆಗಳು ಬಹಳ ಇವೆ. ಈಗ ಆ ಮನೆಗಳ ಮಕ್ಕಳೂ ಇಂಥ ಕ್ಯಾಂಪಿಗೆ ಹೋಗುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನೂ ಹಾಸ್ಟೆಲ್‌ನಲ್ಲಿ ಬೆಳೆದವನು. 1991ರಲ್ಲಿ ಆರನೇ ಕ್ಲಾಸಿಗೆ ನವೋದಯ ಸೇರಿದೆ. ತಗಡಿನ ಟ್ರಂಕು, ಅದರ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು. ಅಪ್ಪ ಮೇಷ್ಟರ ಹತ್ತಿರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನಿಮ್ಮ ಮಗ ಅಂತಲೇ ನೋಡ್ಕೊಳ್ಳಿ ಸಾರ್" ಎಂದು ಕೈಮುಗಿದು ಬಸ್ಸು ಹತ್ತಿದರು. ಮೇಷ್ಟರನ್ನು ಪ್ರಶ್ನೆ ಕೇಳುವುದು ಅಂದರೆ ಅನುಮಾನಪಟ್ಟ ಹಾಗೆ ಅಂತ ಅವರ ಭಾವನೆ. ಆದರೆ ಒಂದು ಕೆಲಸ ಮಾಡಿದ್ದರು. ನಮ್ಮ ಎದುರು ಮನೆಯ ದಿನಸಿ ಅಂಗಡಿಯಲ್ಲಿ ಫೋನಿತ್ತು. ಆ ಪಿ.ಪಿ. ನಂಬರನ್ನು ದಾರಿಯುದ್ದಕ್ಕೂ ನನ್ನಿಂದ ಹೇಳಿಸಿ ಬಾಯಿಪಾಠ ಮಾಡಿಸಿದ್ದರು. ಇವತ್ತಿಗೂ ಅದು ನನಗೆ ನೆನಪಿದೆ.

ನಮ್ಮ ಊರಲ್ಲಿ ಮನುಷ್ಯರನ್ನು ನಂಬಿ ಮಕ್ಕಳನ್ನು ಬಿಡುತ್ತೇವೆ. ಇಲ್ಲಿ ಕಾಗದವನ್ನು ನಂಬಿ ಬಿಡುತ್ತಾರೆ. ಕ್ಯಾಂಪಿಗೆ ಹಣ ಕಟ್ಟಿದ ತಕ್ಷಣ ಬರುವ ಅರ್ಜಿಗಳು ಒಂದಾ ಎರಡಾ? ಡಾಕ್ಟರ ಸಹಿ, ಲಸಿಕೆ ಪಟ್ಟಿ, ವಿಮೆ ಕಾರ್ಡಿನ ಎರಡೂ ಬದಿ, ಏನಾದರೂ ಆದರೆ ಕ್ಯಾಂಪಿನ ಮೇಲೆ ದಾವೆ ಹೂಡುವುದಿಲ್ಲ ಅಂತ ಒಪ್ಪಿಗೆ. ಎಲ್ಲದಕ್ಕೂ ಸಹಿ ಹಾಕಿದೆ. ಅಪ್ಪ ಮೇಷ್ಟರನ್ನು ಕೇಳದೆ ಬಿಟ್ಟ ಹಾಗೆ ನಾನು ಕಾಗದವನ್ನು ಕೇಳದೆ ಬಿಟ್ಟೆ. ಎಷ್ಟೊಂದು ಕಾಗದ ಇದೆ, ಎಲ್ಲವನ್ನೂ ಯೋಚಿಸಿರುತ್ತಾರೆ ಅಂದುಕೊಂಡೆ. ನನ್ನ ಮಗ ರಾತ್ರಿ ಯಾವ ಬಾಗಿಲು ತಟ್ಟಬೇಕು ಅನ್ನುವುದು ಅಷ್ಟು ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಲಕ್ರಾಸ್ ಅಂದರೆ ತುದಿಯಲ್ಲಿ ಸಣ್ಣ ಬಲೆ ಕಟ್ಟಿದ ಕೋಲು ಹಿಡಿದು, ಅದರಲ್ಲೇ ಚೆಂಡನ್ನು ಎತ್ತಿ, ಓಡಿ, ಎಸೆದು ಗೋಲು ಹೊಡೆಯುವ ಆಟ. ಗಟ್ಟಿ ರಬ್ಬರಿನ ಚೆಂಡು ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ, ಅಷ್ಟೇ. ಇದು ಯುರೋಪಿನಿಂದ ಬಂದವರ ಆಟ ಅಲ್ಲ. ಈ ನೆಲದ ಮೂಲ ಜನರದ್ದು. ಹೊಡೆನೊಶೊನಿ ಎಂಬ ಆರು ಬುಡಕಟ್ಟುಗಳ ಒಕ್ಕೂಟಕ್ಕೆ ಇದು ಸೃಷ್ಟಿಕರ್ತ ಕೊಟ್ಟ ಆಟ. ಕಾಯಿಲೆ ವಾಸಿಯಾಗಲಿ ಅಂತಲೂ ಆಡುತ್ತಾರೆ. ಲಕ್ರಾಸ್ ಅನ್ನುವ ಹೆಸರು ಮಾತ್ರ ಫ್ರೆಂಚರು ಇಟ್ಟದ್ದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಪದಕದ ಆಟವಾಗಿ ಬರುತ್ತಿದೆ. ಆ ಜನರ ಆಟದ ಬಗ್ಗೆ ಓದುವಾಗಲೆಲ್ಲ ನನಗೆ ಕೊಡಗು ನೆನಪಾಗುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿಯಲ್ಲಿ ಮಗು ಆಡುವಾಗ ಸುತ್ತ ಇರುವವರೆಲ್ಲ ಮನೆಯವರೇ. ಬಿದ್ದರೆ ಎತ್ತಲು ದೊಡ್ಡಪ್ಪ ಇರುತ್ತಾರೆ. ಕ್ಯಾಂಪಿನಲ್ಲಿ ದೊಡ್ಡಪ್ಪ ಇರುವುದಿಲ್ಲ. ಆ ಜಾಗದಲ್ಲಿ ಯಾರಿದ್ದಾರೆ ಅಂತ ನಾವೇ ವಿಚಾರಿಸಬೇಕು.

ಮೊದಲು ಕೇಳಬೇಕಾದ್ದು ಕ್ಯಾಂಪ್ ನಡೆಸುವವರು ಯಾರು ಅಂತ. ಬೇಸಿಗೆಯಲ್ಲಿ ಕಾಲೇಜು ಖಾಲಿ ಇರುತ್ತದೆ. ಮೈದಾನ, ಹಾಸ್ಟೆಲ್, ಊಟದ ಹಾಲ್ ಬಾಡಿಗೆಗೆ ಕೊಡುತ್ತಾರೆ. ಎಷ್ಟೋ ಸಲ ಕ್ಯಾಂಪ್ ನಡೆಸುವುದು ಕಾಲೇಜು ಅಲ್ಲ, ಅಲ್ಲಿನ ಕೋಚ್ ಇಟ್ಟುಕೊಂಡ ಸ್ವಂತ ಕಂಪನಿ. ಟೀ ಶರ್ಟಿನ ಮೇಲೆ ಕಾಲೇಜಿನ ಹೆಸರು ದೊಡ್ಡದಾಗಿ ಇರುತ್ತದೆ, ಜವಾಬ್ದಾರಿ ಬೇರೆಯವರದ್ದು. ಹಾಗಿದ್ದಾಗ ಮಕ್ಕಳ ರಕ್ಷಣೆಗೆ ಯಾರ ನಿಯಮ, ವಿಮೆ ಯಾರದ್ದು ಅಂತ ಕೇಳಲೇಬೇಕು.

ಇಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮಕ್ಕಳ ಕ್ಯಾಂಪಿಗೆ ಆಯಾ ಊರಿನ ಬೋರ್ಡ್ ಆಫ್ ಹೆಲ್ತ್ ಲೈಸೆನ್ಸ್ ಕೊಡಬೇಕು. ಸಿಬ್ಬಂದಿಯ ಹಿನ್ನೆಲೆ ಹೇಗೆ ಪರೀಕ್ಷಿಸುತ್ತಾರೆ, ಮಕ್ಕಳಿಗೆ ಹುಷಾರಿಲ್ಲದಿದ್ದರೆ ಏನು ಮಾಡುತ್ತಾರೆ, ಶಿಸ್ತು ಹೇಗೆ, ದೂರು ಕೊಡುವುದು ಹೇಗೆ, ಇವುಗಳ ಪ್ರತಿ ಕೇಳಿ ಪಡೆಯುವ ಹಕ್ಕು ತಂದೆತಾಯಿಗೆ ಇದೆ. ನನಗೆ ಇದು ಹೋದ ವರ್ಷ ಗೊತ್ತಿರಲಿಲ್ಲ. ಬೇರೆ ರಾಜ್ಯದಲ್ಲಿ ನಿಯಮ ಬೇರೆ ಇರುತ್ತದೆ, ಅಲ್ಲಿಯದನ್ನು ಅಲ್ಲೇ ವಿಚಾರಿಸಿ. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಎಂಬ ಸಂಸ್ಥೆಯ ಮಾನ್ಯತೆಯೂ ಇದೆ. ಅದು ಕಡ್ಡಾಯ ಅಲ್ಲ. ಆದರೆ ಅವರ ಲೆಕ್ಕ ತಿಳಿದಿದ್ದರೆ ಒಳ್ಳೆಯದು. ರಾತ್ರಿ ಉಳಿಯುವ ಕ್ಯಾಂಪಿನಲ್ಲಿ 9ರಿಂದ 14 ವರ್ಷದ 8 ಮಕ್ಕಳಿಗೆ ಒಬ್ಬ ಸಿಬ್ಬಂದಿ ಇರಬೇಕು. ಮೈದಾನದಲ್ಲಿ ಎಷ್ಟು ಕೋಚುಗಳಿದ್ದಾರೆ ಅಂತ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ನೀವು ರಾತ್ರಿಯ ಲೆಕ್ಕ ಕೇಳಿ. ಪ್ರತಿ ಮಹಡಿಯಲ್ಲಿ ಯಾರು ಮಲಗುತ್ತಾರೆ? ಟ್ರೈನರ್ (ಆಟಗಾರರ ಗಾಯ, ಆರೋಗ್ಯ ನೋಡಿಕೊಳ್ಳುವವರು) ಅಥವಾ ನರ್ಸ್ ಎಷ್ಟು ಹೊತ್ತಿನ ತನಕ ಇರುತ್ತಾರೆ? ಆಮೇಲೆ ಯಾರು? 12 ವರ್ಷದವನನ್ನು 17 ವರ್ಷದವನ ಜೊತೆ ಒಂದೇ ರೂಮಿಗೆ ಹಾಕುತ್ತಾರಾ?

ಮೈಮುಟ್ಟುವ ವಿಷಯವನ್ನು ನಮ್ಮ ಮನೆಗಳಲ್ಲಿ ಮಾತಾಡುವುದೇ ಇಲ್ಲ. ಇದು ನಮ್ಮ ದೊಡ್ಡ ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ 2012ರ ಪೋಕ್ಸೊ ಕಾಯ್ದೆ ಪ್ರಕಾರ, ವಿಷಯ ತಿಳಿದ ಯಾರೇ ಆಗಲಿ ದೂರು ಕೊಡಲೇಬೇಕು. ಇಲ್ಲಿ 2018ರಲ್ಲಿ ಸಹಿಯಾದ ಸೇಫ್‌ಸ್ಪೋರ್ಟ್ ಕಾನೂನು ಇದೆ. ಅದರಡಿ ಬರುವ ಕ್ರೀಡಾ ಸಂಸ್ಥೆಗಳಲ್ಲಿ ದೊಡ್ಡವರು ಒಂದು ಮಗುವಿನ ಜೊತೆ ಬೇರೆಯವರ ಕಣ್ಣಿಗೆ ಬೀಳದ ಕಡೆ ಒಂಟಿಯಾಗಿ ಇರುವ ಹಾಗಿಲ್ಲ. ಆದರೆ ಪ್ರತಿ ಖಾಸಗಿ ಕ್ಯಾಂಪೂ ಆ ವ್ಯವಸ್ಥೆಯೊಳಗೆ ಬರುತ್ತದೆ ಅಂತ ಇಲ್ಲ. ಬರುತ್ತದಾ ಅಂತ ನೇರವಾಗಿ ಕೇಳಿ. ಕಾನೂನು ಎರಡು ಕಡೆಯೂ ಇದೆ. ಮಗು ಬಾಯಿಬಿಡದಿದ್ದರೆ ಯಾವ ಕಾನೂನೂ ಕೆಲಸಕ್ಕೆ ಬರುವುದಿಲ್ಲ, ಅಲ್ವಾ? ನಾನು ಮಗನಿಗೆ ಹೇಳಿದ್ದು ಇಷ್ಟೇ. "ಯಾರೇ ಆಗಲಿ, ಎಷ್ಟೇ ದೊಡ್ಡ ಕೋಚ್ ಆಗಲಿ, ನಿಮ್ಮಪ್ಪಂಗೆ ಹೇಳ್ಬೇಡ ಅಂದ್ರೆ ಅದನ್ನೇ ಮೊದಲು ನಂಗೆ ಹೇಳು. ನಾನು ಬೈಯಲ್ಲ." ಅವನು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡ. ಇಬ್ಬರಿಗೂ ಮುಜುಗರವಾಯಿತು. ಆದರೂ ಹೇಳಿದ್ದು ಒಳ್ಳೆಯದಾಯಿತು.

ಆಟದ ಸಾಮಾನಿನ ಬಗ್ಗೆ ಒಂದು ಎಚ್ಚರಿಕೆ. ಮಕ್ಕಳು ಬೇಗ ಬೆಳೆಯುತ್ತಾರೆ ಅಂತ ನಮ್ಮಲ್ಲಿ ಒಬ್ಬರ ಮನೆಯ ಹೆಲ್ಮೆಟ್ಟು, ಪ್ಯಾಡು ಇನ್ನೊಬ್ಬರ ಮನೆಗೆ ಹೋಗುತ್ತದೆ. ಒಳ್ಳೆಯ ಅಭ್ಯಾಸ. ಆದರೆ ಹುಡುಗರ ಎದೆಯ ಪ್ಯಾಡು ಮಾತ್ರ ಕೈಗೆತ್ತಿಕೊಂಡು ನೋಡಿ. ಅದರ ಮೇಲೆ, ಆಟದ ಸಾಮಾನಿನ ಸುರಕ್ಷತೆಗೆ ಮಾನದಂಡ ಹಾಕುವ ನಾಕ್ಸಿ (NOCSAE) ಸಂಸ್ಥೆಯ ಎನ್‌ಡಿ200 ಅನ್ನುವ ಗುರುತು ಇರಬೇಕು. ಗೋಲ್‌ಕೀಪರ್‌ಗಳಿಗೆ 2021ರಿಂದ, ಉಳಿದ ಹುಡುಗರಿಗೆ 2022ರ ಜನವರಿಯಿಂದ ಇದು ಕಡ್ಡಾಯ. ಹಳೆಯ ಪ್ಯಾಡಿನಲ್ಲಿ ಇರುವುದಿಲ್ಲ. ಕಾರಣ ಇದೆ. ಚೆಂಡು ಎದೆಗೆ, ಹೃದಯದ ನೇರಕ್ಕೆ, ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ಬಿದ್ದರೆ ಗಟ್ಟಿಮುಟ್ಟಾದ ಮಗುವಿನ ಹೃದಯದ ತಾಳವೂ ತಪ್ಪಿಹೋಗಬಹುದು. ತುಂಬಾ ಅಪರೂಪ. ಆದರೆ ಆಗ ಉಳಿಸುವುದು ತಕ್ಷಣ ಎದೆ ಒತ್ತುವ ಕೈ ಮತ್ತು ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ತಾಳಕ್ಕೆ ತರುವ ಎಇಡಿ ಯಂತ್ರ. ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಯಂತ್ರ ಕಾಲೇಜಿನಲ್ಲಿ ಇದೆ ಅಂದರೆ ಸಾಲದು. ಮಗು ಆಡುವ ಮೈದಾನದಿಂದ ಎಷ್ಟು ದೂರ ಇದೆ ಅಂತ ಕೇಳಿ.

ಬಿಸಿಲೂ ಹಾಗೇ. ಹೆಲ್ಮೆಟ್ಟು, ಪ್ಯಾಡು, ಗ್ಲೌಸು ಹಾಕಿಕೊಂಡು ದಿನಕ್ಕೆ ಎರಡು ಮೂರು ಸಲ ಆಡಿಸುತ್ತಾರೆ. ಮಗು ತಡವರಿಸಿ ಮಾತಾಡಿದರೆ, ತೂರಾಡಿದರೆ ಅದು ಬಿಸಿಲಿನ ಹೊಡೆತ ಆಗಿರಬಹುದು. ಹಾಗಿದ್ದರೆ ಆಂಬುಲೆನ್ಸ್‌ಗೆ ಕಾಯದೆ ಮೊದಲು ಐಸ್ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಆ ತೊಟ್ಟಿ ಮೈದಾನದ ಪಕ್ಕದಲ್ಲಿ ಇರುತ್ತದಾ ಅಂತ ಕೇಳಿದರೆ, ಕೆಲಸ ಬಲ್ಲ ಟ್ರೈನರ್ ತಟ್ಟನೆ ಉತ್ತರ ಕೊಡುತ್ತಾರೆ.

ಊಟದ ವಿಷಯಕ್ಕೆ ಬಂದರೆ ನಮ್ಮ ಹಾಸ್ಟೆಲ್ಲೇ ಮೇಲು ಅಂತ ನನಗೆ ಅನಿಸುತ್ತದೆ. ರುಚಿಯಿಂದ ಅಲ್ಲ. ಅಲ್ಲಿ ಬಡಿಸುವವರು ಇದ್ದರು. ತಟ್ಟೆ ಮುಂದೆ ಸುಮ್ನೆ ಕೂತರೆ "ಯಾಕೋ, ಊಟ ಸೇರ್ತಾ ಇಲ್ವಾ?" ಅಂತ ಕೇಳುತ್ತಿದ್ದರು. ಆ ಒಂದು ಮಾತಿನಿಂದಲೇ ಎಷ್ಟೋ ಹುಡುಗರ ಜ್ವರ, ಎಷ್ಟೋ ಹುಡುಗರ ಅಳು ಹೊರಗೆ ಬಂದದ್ದು ನಾನು ನೋಡಿದ್ದೇನೆ. ಕ್ಯಾಂಪಿನಲ್ಲಿ ನೂರಾರು ಮಕ್ಕಳು ತಾವೇ ಬಡಿಸಿಕೊಂಡು ತಿನ್ನುತ್ತಾರೆ. ಯಾರು ತಿಂದರು, ಯಾರು ಬಿಟ್ಟರು ಅಂತ ನೋಡುವವರು ಕಡಿಮೆ. ನನ್ನ ಮಗ ಸಸ್ಯಾಹಾರಿ. ಸಸ್ಯಾಹಾರ ಸಿಗುತ್ತದೆ ಅಂತ ಬರೆದಿದ್ದರು. ಸಿಕ್ಕಿದ್ದು ಸಲಾಡು, ಬ್ರೆಡ್ಡು, ಪಾಸ್ತಾ. ದಿನವಿಡೀ ಓಡುವ ಹುಡುಗನಿಗೆ ಅದು ಎಲ್ಲಿ ಸಾಲುತ್ತದೆ? ತರಕಾರಿ ಸೂಪಿನಲ್ಲಿ ಕೋಳಿಯ ರಸ ಇರಬಹುದು, ಮಾರ್ಷ್‌ಮೆಲೊದಲ್ಲಿ ಜೆಲಾಟಿನ್ ಇರುತ್ತದೆ. ಇವನ್ನೆಲ್ಲ ಮಗುವಿಗೇ ಕಲಿಸಿ ಕಳಿಸಬೇಕು. ಮೂರು ಹೊತ್ತು ಬೇಳೆಯೋ, ಬೀನ್ಸೋ, ಮೊಸರೋ ಏನಿರುತ್ತದೆ ಅಂತ ಅಡುಗೆಮನೆಯವರನ್ನೇ ಕೇಳಿಸಿ ತಿಳಿದುಕೊಳ್ಳಿ.

ಮನೆಯ ಔಷಧಿ ಬ್ಯಾಗಿಗೆ ತುರುಕಬೇಡಿ. ಅತ್ತೆಯವರು ಊರಿಂದ ತಂದ ಕ್ರೋಸಿನ್ ಸ್ಟ್ರಿಪ್ಪು, ಅಮೃತಾಂಜನದ ಡಬ್ಬಿ ಪ್ರೀತಿಯಿಂದ ಇಟ್ಟಿದ್ದರು, ಬಾಗಿಲಲ್ಲೇ ತೆಗೆಸಿದರು. ಮಗುವಿನ ಹೆಸರಿನ ಚೀಟಿ ಇರುವ ಮೂಲ ಡಬ್ಬಿ, ಜೊತೆಗೆ ಡಾಕ್ಟರ ಚೀಟಿ ಇದ್ದರೆ ಮಾತ್ರ ನರ್ಸ್ ತೆಗೆದುಕೊಳ್ಳುತ್ತಾರೆ. ಇದರಲ್ಲಿ ಅವರದ್ದೇ ಸರಿ.

ಇನ್ನು ಹಣ. ಡೇ ಕ್ಯಾಂಪಿನ ಖರ್ಚಿಗೆ ಟ್ಯಾಕ್ಸ್‌ನಲ್ಲಿ ಮಕ್ಕಳ ಪಾಲನೆಯ ರಿಯಾಯಿತಿ ಸಿಗಬಹುದು. ರಾತ್ರಿ ಉಳಿಯುವ ಕ್ಯಾಂಪಿಗೆ ಸಿಗುವುದಿಲ್ಲ ಅಂತ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಸ್ಪಷ್ಟವಾಗಿ ಹೇಳಿದೆ. ಕಾಲೇಜಿನ ಕೋಚ್ ಹೆಸರಿನಲ್ಲಿ "ನಿಮ್ಮ ಮಗನಿಗೆ ಆಹ್ವಾನ" ಅಂತ ಮೇಲ್ ಬಂದರೆ ಆಯ್ಕೆಯಾಯಿತು ಅಂತ ಹಿಗ್ಗಬೇಡಿ. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮದ ಪ್ರಕಾರ ಇಂಥ ಕ್ಯಾಂಪು ಎಲ್ಲರಿಗೂ ತೆರೆದಿರಬೇಕು. ವಯಸ್ಸು, ತರಗತಿ, ಲಿಂಗ, ಸಂಖ್ಯೆಯ ಮಿತಿ ಹಾಕಬಹುದು, ಅಷ್ಟೇ. ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತವಾದ ಡಿವಿಷನ್ ಒಂದರ ಲಕ್ರಾಸ್ ಕೋಚುಗಳು 11ನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮುಂಚೆ ತಂಡಕ್ಕೆ ಸೇರಿಸಿಕೊಳ್ಳುವ ಮಾತಾಡುವ ಹಾಗೇ ಇಲ್ಲ. 13 ವರ್ಷದ ಮಗುವಿನ ಮೇಲೆ ಸ್ಕಾಲರ್‌ಶಿಪ್ಪಿನ ಆಸೆ ಹೊರಿಸಿ ಕಳಿಸಿದರೆ, ಹುಷಾರಿಲ್ಲ ಅಂತ ಹೇಳಲೂ ಅದು ಹೆದರುತ್ತದೆ. ನನ್ನ ಮಗ ಹನ್ನೊಂದು ಗಂಟೆಗೆ ಬಾಗಿಲು ತಟ್ಟಲು ಅಷ್ಟು ಹಿಂಜರಿದದ್ದಕ್ಕೆ ಅದೂ ಒಂದು ಕಾರಣ. "ಬೇರೆ ಹುಡುಗರು ಏನಂದ್ಕೊಳ್ತಾರೆ, ಕೋಚ್ ಏನಂದ್ಕೊಳ್ತಾರೆ ಅಂತ ಅನ್ನಿಸ್ತು ಅಪ್ಪಾ" ಎಂದಿದ್ದ.

ಈ ವರ್ಷ ಮೂರು ಕ್ಯಾಂಪುಗಳಿಗೆ ನಾನೇ ಫೋನ್ ಮಾಡಿದೆ. ಒಂದು ಕಡೆ "ಎಲ್ಲಾ ಕಳಿಸಿದ ಕಾಗದದಲ್ಲಿದೆ" ಎಂದರು. ಇನ್ನೊಂದು ಕಡೆಯಿಂದ ಉತ್ತರವೇ ಬರಲಿಲ್ಲ. ಮೂರನೆಯ ಕಡೆ ಕ್ಯಾಂಪಿನ ನಿರ್ದೇಶಕಿ ಅರ್ಧ ಗಂಟೆ ಮಾತಾಡಿದರು. ಪ್ರತಿ ಮಹಡಿಯ ಕೊನೆಯ ರೂಮಿನಲ್ಲಿ ದೊಡ್ಡವರು ಮಲಗುತ್ತಾರೆ, ಆ ಬಾಗಿಲಿಗೆ ಹಳದಿ ಕಾಗದ ಅಂಟಿಸಿರುತ್ತೇವೆ, ಮೊದಲ ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಸಲ ತಟ್ಟಿಸುತ್ತೇವೆ ಎಂದರು. ನನಗೆ ಕಣ್ಣು ತುಂಬಿತು. ಇಷ್ಟೆಲ್ಲ ಕೇಳಿದ್ದಕ್ಕೆ ಕ್ಷಮಿಸಿ ಎಂದೆ. "ಕೇಳದೆ ಬಿಡುವವರ ಬಗ್ಗೆ ನನಗೆ ಜಾಸ್ತಿ ಚಿಂತೆ" ಎಂದರು ಅವರು. ಅಲ್ಲಿಗೇ ಹಣ ಕಟ್ಟಿದೆ.

ಫೋನು ಇಲ್ಲಿಯೂ ತೆಗೆದಿಟ್ಟುಕೊಳ್ಳುತ್ತಾರೆ. ದಿನಕ್ಕೊಂದು ಸಲ ಆಫೀಸಿನಿಂದ ಮನೆಗೆ ಮಾತಾಡಬಹುದು, ಪಕ್ಕದಲ್ಲಿ ಸಿಬ್ಬಂದಿ ಇರುತ್ತಾರೆ. ನಮ್ಮ ಮಕ್ಕಳಿಗೆ ಅದೇನೂ ತೊಂದರೆ ಇಲ್ಲ. ಕನ್ನಡದಲ್ಲಿ ಮಾತಾಡಿದರೆ ಆಯಿತು. ಅನಿಸಿದ್ದನ್ನು ಹಾಗೇ ಹೇಳಬಹುದು. ಮನೆಯಲ್ಲಿ ಕನ್ನಡ ಉಳಿಸಿಕೊಂಡದ್ದಕ್ಕೆ ಇಂಥ ಉಪಯೋಗವೂ ಇದೆ ಅಂತ ನಾನು ಮೊದಲು ಯೋಚಿಸಿರಲಿಲ್ಲ.

ಈಗ ದಿನಾ ಬೆಳಿಗ್ಗೆ ಸ್ಕೂಲಿಗೆ ಬಿಡುವಾಗ ಕಾರಿನಲ್ಲಿ ನಂಬರ್ ಹೇಳಿಸುತ್ತೇನೆ. ಇಂಗ್ಲಿಷಿನಲ್ಲಿ ಹೇಳಿದರೆ ಮಧ್ಯದಲ್ಲಿ ಎಡವುತ್ತಾನೆ. ಕನ್ನಡದಲ್ಲಿ ಹಾಡಿನ ಹಾಗೆ ಬರುತ್ತದೆ. ಐದು, ಸೊನ್ನೆ, ಎಂಟು, ಅಂತ ಶುರುಮಾಡಿ ಒಂದೇ ಉಸಿರಿನಲ್ಲಿ ಮುಗಿಸುತ್ತಾನೆ. ಮುಗಿದ ಮೇಲೆ ಅಮ್ಮನ ನಂಬರ್.