ಆ ಹುಡುಗ ಬಾಯಿ ಬಿಡಬೇಕಾದರೆ ನಾವು ನಗಬಾರದು

ಧಾರವಾಡದ ಕೆಸಿಡಿ ಮೈದಾನಕ್ಕೆ ಬೆಳಗ್ಗೆ ಆರಕ್ಕೆ ಹೋದರೆ ಸೈನ್ಯ ಸೇರಬೇಕು ಅಂತ ಓಡುವ ಹುಡುಗರು ಕಾಣಿಸುತ್ತಾರೆ. ನವಲಗುಂದ, ಕಲಘಟಗಿ ಕಡೆಯಿಂದ ಬಂದು ರೂಮು ಮಾಡಿಕೊಂಡು ಇರುವವರು. ವಾಕಿಂಗ್ ಮುಗಿಸಿ ನಾವು ನಾಲ್ಕೈದು ಜನ ಚಹಾ ಕುಡಿಯಲು ಕೂರುತ್ತೇವೆ. 2025ರ ಫೆಬ್ರುವರಿಯಲ್ಲಿ, ಕಾರವಾರದ ನೌಕಾನೆಲೆಯ ಮಾಹಿತಿ ಹೊರಗೆ ಕೊಟ್ಟ ಆರೋಪದ ಮೇಲೆ ಎನ್‌ಐಎ ಇಬ್ಬರನ್ನು ಬಂಧಿಸಿದ ಸುದ್ದಿ ಬಂತಲ್ಲ, ಆವತ್ತು ಅಲ್ಲಿ ದೊಡ್ಡ ನಗು. ಹನಿಟ್ರ್ಯಾಪ್, ಅಂದರೆ ಪ್ರೀತಿಯ ನಾಟಕವಾಡಿ ಗುಟ್ಟು ಕಸಿಯುವ ಬಲೆ, ಅಂತ ಪೇಪರಿನಲ್ಲಿ ಬಂದಿತ್ತು. "ಹೆಣ್ಣಿನ ಫೋಟೋ ನೋಡಿ ದೇಶಾನ ಮಾರತಾರ ನೋಡ್ರಿ" ಅಂದರು ಒಬ್ಬರು. ನಾನು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ.

ನನ್ನ ಅಕ್ಕನ ಮಗನೂ ಇದೇ ಮೈದಾನದಲ್ಲಿ ಓಡಿ ಸೈನ್ಯ ಸೇರಿದವನು. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ದೂರದ ಪೋಸ್ಟಿಂಗ್‌ನಲ್ಲಿದ್ದಾಗ ಫೇಸ್‌ಬುಕ್‌ನಲ್ಲಿ ಒಬ್ಬ ಹುಡುಗಿ ಪರಿಚಯವಾದಳು. ಎರಡು ತಿಂಗಳು ಅವಳು ಏನನ್ನೂ ಕೇಳಲಿಲ್ಲ. ಊಟ ಆಯ್ತಾ, ಅಲ್ಲಿ ಚಳಿ ಜಾಸ್ತಿನಾ, ಅಮ್ಮನ ನೆನಪಾಗುತ್ತಾ, ಇಷ್ಟೇ. ಮನೆಯವರಾದ ನಾವು ಫೋನ್ ಮಾಡಿದರೆ ಕೇಳುತ್ತಿದ್ದದ್ದು ಏನು ಗೊತ್ತಾ? ರಜೆ ಯಾವಾಗ, ಸಾಲದ ಕಂತು ಕಟ್ಟಿದೆಯಾ. ಇದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಆಮೇಲೆ ಒಂದು ರಾತ್ರಿ ವಿಡಿಯೋ ಕಾಲ್. ಅದು ಅವನಿಗೆ ಗೊತ್ತಿಲ್ಲದೆ ರೆಕಾರ್ಡ್ ಆಯಿತು. ಎರಡು ದಿನ ಬಿಟ್ಟು ಮೆಸೇಜು ಬಂತು: ಸುಮ್ನೆ ನಿಮ್ಮ ಗೇಟಿನ ಒಂದು ಫೋಟೋ ಕಳಿಸು.

ಗೇಟಿನ ಫೋಟೋದಲ್ಲಿ ಏನಿದೆ ಅಂತ ಅನ್ನಿಸುತ್ತೆ ಅಲ್ವಾ? ಅದಕ್ಕೇ ಅದನ್ನು ಮೊದಲು ಕೇಳುವುದು. ಅದೊಂದು ಕಳಿಸಿದರೆ ಸಾಕು, ಎರಡನೆಯ ಸಲ ಮಾತಿನ ದನಿಯೇ ಬದಲಾಗುತ್ತದೆ. "ಮೊದಲನೆಯದು ಕಳಿಸಿದವನು ನೀನೇ, ನಿಮ್ಮ ಸಾಹೇಬರಿಗೆ ಹೇಳಲಾ?" ಅಂತ.

ಈ ವಿದ್ಯೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ಮಂತ್ರಿಗಳನ್ನು ಗುಟ್ಟಾಗಿ ಪರೀಕ್ಷಿಸಲು ಅದರಲ್ಲಿ ನಾಲ್ಕು ದಾರಿ ಇವೆ: ಧರ್ಮ, ಅರ್ಥ, ಕಾಮ, ಭಯ. ಕಾಮದ ಪರೀಕ್ಷೆ ನೋಡಿ. ಅಂತಃಪುರದಲ್ಲಿ ಎಲ್ಲರೂ ನಂಬುವ ಒಬ್ಬ ಸನ್ಯಾಸಿನಿ ಬಂದು, ರಾಣಿಗೆ ನಿಮ್ಮ ಮೇಲೆ ಮನಸ್ಸಾಗಿದೆ ಅನ್ನುತ್ತಾಳೆ. ರಾಣಿ ಎದುರಿಗೆ ಬರುವುದೇ ಇಲ್ಲ. ನನ್ನನ್ನೂ ಒಬ್ಬರು ಬಯಸಿದ್ದಾರೆ ಅನ್ನುವ ಮಾತೇ ಗಾಳ.

ಬೀಳುವವರು ಗಂಡಸರೇ ಅಂತಲೂ ತಿಳಿಯಬೇಡಿ. ಶೀತಲ ಸಮರದ ಕಾಲದಲ್ಲಿ ಪೂರ್ವ ಜರ್ಮನಿಯ ವಿದೇಶಿ ಗೂಢಚಾರ ವಿಭಾಗದ ಮುಖ್ಯಸ್ಥ ಮಾರ್ಕುಸ್ ವೋಲ್ಫ್, ಪಶ್ಚಿಮ ಜರ್ಮನಿಯ ರಾಜಧಾನಿಯಾಗಿದ್ದ ಬಾನ್ ನಗರದ ಸರ್ಕಾರಿ ಕಚೇರಿಗಳ ಸೆಕ್ರೆಟರಿಗಳ ಹಿಂದೆ ಗಂಡು ಗೂಢಚಾರರನ್ನು ಬಿಟ್ಟಿದ್ದ. ಅವರಿಗೆ ರೋಮಿಯೋ ಅಂತಲೇ ಹೆಸರು. ಸೋವಿಯತ್ತಿನವರೂ ಅದನ್ನೇ ಮಾಡಿದರು. ಪಶ್ಚಿಮ ಜರ್ಮನಿಯ ವಿದೇಶಾಂಗ ಇಲಾಖೆಯ ಸೆಕ್ರೆಟರಿ ಲಿಯೊನೋರೆ ಸುಟರ್ಲಿನ್ 1960ರಲ್ಲಿ ಮದುವೆಯಾದದ್ದು ಅಂಥ ಒಬ್ಬನನ್ನು. ಕಚೇರಿಯ ಕಾಗದಗಳನ್ನು ಗಂಡನಿಗೆ ತಂದು ಕೊಡುತ್ತಿದ್ದಳು. 1967ರಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಈ ಮದುವೆಯೇ ಅವನಿಗೆ ಒಪ್ಪಿಸಿದ ಕೆಲಸವಾಗಿತ್ತು ಅಂತ ತಿಳಿದ ಮೇಲೆ ಅವಳು ಜೈಲಿನಲ್ಲೇ ನೇಣು ಹಾಕಿಕೊಂಡಳು. ಅವಳ ಕಥೆ ಕೇಳಿ ನಗಲು ಯಾರಿಗೆ ಮನಸ್ಸು ಬರುತ್ತದೆ?

ನನ್ನನ್ನು ಜಾಸ್ತಿ ಕಾಡಿದ್ದು ಜಾನ್ ವಾಸಲ್ ಅನ್ನುವ ಬ್ರಿಟಿಷ್ ಗುಮಾಸ್ತ. ಮಾಸ್ಕೋದ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಕೆಲಸ. ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಯವರು ಅವನನ್ನು ಒಂದು ಪಾರ್ಟಿಗೆ ಕರೆದು, ಕುಡಿಸಿ, ಗಂಡಸರ ಜೊತೆ ಇದ್ದ ಫೋಟೋ ತೆಗೆದು ಬೆದರಿಸಿದರು. ಆಗ ಬ್ರಿಟನ್ನಿನಲ್ಲಿ ಅದೇ ಒಂದು ಅಪರಾಧ. ತನ್ನ ಕಚೇರಿಗೆ ಹೋಗಿ ಹೇಳಿದರೆ ಮಾನವೂ ಹೋಗುತ್ತದೆ, ಜೈಲೂ ಆಗಬಹುದು. ಹೇಳಲಿಲ್ಲ. ವರ್ಷಗಟ್ಟಲೆ ನೌಕಾಪಡೆಯ ಗುಟ್ಟು ಕೊಟ್ಟ. 1962ರಲ್ಲಿ ಸಿಕ್ಕಿಬಿದ್ದ, 18 ವರ್ಷ ಶಿಕ್ಷೆಯಾಯಿತು. ಅವನ ಬಾಯಿಗೆ ಬೀಗ ಹಾಕಿದ್ದು ಕೆಜಿಬಿ ಸರಿ. ಆ ಬೀಗ ಮಾಡಿಕೊಟ್ಟವರು ಅವನ ಊರಿನವರೇ.

ಕಾರವಾರದ ಸುದ್ದಿಗೆ ನಾವು ನಕ್ಕದ್ದು ಇದೇ ಕೆಲಸ ಅಂತ ನನ್ನ ಖಚಿತ ಅಭಿಪ್ರಾಯ. ಗುಟ್ಟು ಮಾರಿದವನಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇನ್ನೂ ಏನನ್ನೂ ಕಳಿಸದೆ ನಡುಗುತ್ತಾ ಕೂತ ಹುಡುಗ ನಮ್ಮ ನಗು ಕೇಳಿಸಿಕೊಳ್ಳುತ್ತಿರುತ್ತಾನೆ.

ನನ್ನ ಅಳಿಯ ಇಪ್ಪತ್ತು ದಿನ ಒಳಗೇ ಇಟ್ಟುಕೊಂಡಿದ್ದ. ಒಂದು ರಾತ್ರಿ ಫೋನ್ ಮಾಡಿ, "ಮಾಮಾ, ಅವ್ವಗ ಹೇಳಬ್ಯಾಡ, ನಾ ಮಾರಿ ತೋರ್ಸಾಕ ಆಗಂಗಿಲ್ಲ" ಅಂತ ಅತ್ತ. ಫೋಟೋ ಕಳಿಸಿಯೇನು ಅಂತ ಕೇಳಿದೆ. ಇಲ್ಲ ಅಂದ. ಬೆಳಗಾಗೋದಕ್ಕೆ ಮೊದಲೇ ನಿಮ್ಮ ಸಾಹೇಬರಿಗೆ ಹೇಳು, ಏನೂ ಡಿಲೀಟ್ ಮಾಡಬೇಡ ಅಂದೆ. ಹೇಳಿದ. ಅವರು ಬೈದರು, ಫೋನ್ ವಶಕ್ಕೆ ತೆಗೆದುಕೊಂಡರು, ವಿಚಾರಣೆ ನಡೆಸಿದರು. ನೌಕರಿ ಉಳಿಯಿತು. ಅಕ್ಕನಿಗೆ ಅವನೇ ರಜೆಗೆ ಬಂದಾಗ ಹೇಳಿದ. ಅವಳು ಬೈಯಲಿಲ್ಲ. ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಮೊನ್ನೆ ಚಹಾ ಕುಡಿಯುವಾಗ ಇದನ್ನೆಲ್ಲ ಹೇಳಿದೆ. ಸೈಬರ್ ಅಪರಾಧದ ಸಹಾಯವಾಣಿ 1930, ಫೋಟೋ ಇಟ್ಟುಕೊಂಡು ಬೆದರಿಸಿದರೆ ಯಾರು ಬೇಕಾದರೂ ಫೋನ್ ಮಾಡಬಹುದು ಅಂತಲೂ ಹೇಳಿದೆ. ಆವತ್ತು ಜೋರಾಗಿ ನಕ್ಕವರು ಏನೂ ಮಾತಾಡಲಿಲ್ಲ. ಎಲ್ಲರೂ ಎದ್ದ ಮೇಲೆ ಗೇಟಿನವರೆಗೂ ನನ್ನ ಜೊತೆ ನಡೆದು ಬಂದರು. ಆಮೇಲೆ ಕಿಸೆಯಿಂದ ಒಂದು ಚೀಟಿ ತೆಗೆದು, "ಆ ನಂಬರ್ ಇದರಾಗ ಬರದ ಕೊಡ್ರಿ ಸರ" ಅಂದರು.