ಬೆಂಚಿನ ಮೇಲೆ ಮಲಗಿದ ಏಸು ಕೊಡಗಿಗೆ ಬೇಕಾ?

ಕೆನಡಾದ ಶಿಲ್ಪಿ ಟಿಮೊಥಿ ಶ್ಮಾಲ್ಜ್ ಮಾಡಿದ ಕಂಚಿನ ಶಿಲ್ಪವೊಂದಿದೆ. ಮೊದಲು ನಿಂತದ್ದು ಟೊರೊಂಟೋದ ರೀಜಿಸ್ ಕಾಲೇಜಿನಲ್ಲಿ, 2013ರಲ್ಲಿ. ಪಾರ್ಕ್ ಬೆಂಚಿನ ಮೇಲೆ ಒಬ್ಬ ಮನುಷ್ಯ ಮುಸುಕು ಹೊದ್ದು ಮಲಗಿದ್ದಾನೆ. ಮುಖ ಕಾಣುವುದಿಲ್ಲ. ಪಾದದಲ್ಲಿರುವ ಮೊಳೆಯ ಗಾಯ ನೋಡಿದ ಮೇಲೇ ಅದು ಏಸು ಅಂತ ಗೊತ್ತಾಗುವುದು. ಇಂಥದ್ದೊಂದನ್ನು ವಿರಾಜಪೇಟೆ ಕಡೆಯ ಚರ್ಚೊಂದು ಮಾಡಿಸಿ, ರಸ್ತೆಗೆ ಕಾಣುವ ಹಾಗೆ ಇಡಬಹುದಾ?

ಪರ

ಖಂಡಿತ ಇಡಬಹುದು. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಶುರುವಾಗಿದ್ದೇ ನೆಲೆ ಕಳೆದುಕೊಂಡವರಿಂದ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಇಲ್ಲಿ ಜಾಗ ಕೊಟ್ಟ. 1792ರಲ್ಲಿ ಚರ್ಚ್ ಎದ್ದಿತು. ರಾಜ ಅವರ ಮತ ನೋಡಲಿಲ್ಲ, ಅಲ್ವಾ?

ಮನೆ ಹೋದವರ ಕಥೆ ಇಲ್ಲಿ ಹಳೆಯದೂ ಅಲ್ಲ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲು ಕೆಡವಿದರು. 2018ರ ಆಗಸ್ಟ್ ಮಳೆಗೆ ಮಕ್ಕಂದೂರಿನ ಕಡೆ ಗುಡ್ಡಗಳೇ ಜಾರಿ ಬಂದವು. ನಮ್ಮ ಜಿಲ್ಲೆಯಲ್ಲಿ ಪೀಠದ ಮೇಲೆ ಇರುವವರು ಸೇನಾಧಿಪತಿಗಳಾದ ಕಾರ್ಯಪ್ಪ, ತಿಮ್ಮಯ್ಯ, ಬ್ರಿಟಿಷರ ವಿರುದ್ಧ ಬಂಡೆದ್ದ ಗುಡ್ಡೆಮನೆ ಅಪ್ಪಯ್ಯ ಗೌಡರಂಥವರು. ಹೆಮ್ಮೆಯೇ, ಇರಲಿ. ಆದರೆ ಮನೆ ಕಳೆದುಕೊಂಡವರಿಗೆ ಅಂತ ಎಲ್ಲೂ ಏನೂ ಇಲ್ಲ.

ಈ ಶಿಲ್ಪದಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಬೆಂಚು. ಮಲಗಿದವನ ಕಾಲ ಬಳಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಾರೆ. ಸಂತೆ ದಿನ ಎರವ ಬುಡಕಟ್ಟಿನ ಅಜ್ಜಿಯೊಬ್ಬರು ಅಕ್ಕಿ, ಒಣಮೀನಿನ ಚೀಲ ಇಳಿಸಿ ಅಲ್ಲಿ ಕೂರಬಹುದು. ಸೆರಗಲ್ಲಿ ಮುಖ ಒರೆಸಿಕೊಂಡು ಎಲೆ-ಅಡಿಕೆ ಹಾಕಬಹುದು. ಅಂಗಡಿ ಜಗಲಿಯಿಂದ ಎಬ್ಬಿಸುವ ಹಾಗೆ ಅಲ್ಲಿಂದ ಅವರನ್ನು ಯಾರೂ ಎಬ್ಬಿಸುವುದಿಲ್ಲ. ಕೈ ಮುಗಿಯಲೇಬೇಕು ಅಂತಲೂ ಇಲ್ಲ.

ವಿರೋಧ

ಬೇಡ. ದುಡ್ಡಿನ ಮಾತು ಎತ್ತಬಹುದಿತ್ತು. ಅಮೆರಿಕದ ಡೇವಿಡ್‌ಸನ್ ಎಂಬ ಊರಿನ ಚರ್ಚಿಗೆ ಬಂದ ಇದೇ ಶಿಲ್ಪದ ಇನ್ನೊಂದು ಪ್ರತಿಯ ಬೆಲೆ 22 ಸಾವಿರ ಡಾಲರ್. ಆದರೆ 'ಅದನ್ನು ಬಡವರಿಗೆ ಕೊಡಬಹುದಿತ್ತು' ಎಂದು ಏಸುವಿನ ಪಾದಕ್ಕೆ ಹಚ್ಚಿದ ಸುಗಂಧ ತೈಲದ ವಿಷಯದಲ್ಲಿ ಹೇಳಿದವನು ಯೂದ, ಏಸುವಿಗೆ ದ್ರೋಹ ಬಗೆದ ಶಿಷ್ಯ. ಅವನ ಸಾಲಿನಲ್ಲಿ ನಿಲ್ಲುವುದು ಬೇಡ, ಬಿಟ್ಟೆ.

ನನ್ನ ತಕರಾರು ಆ ಬೆಂಚಿನ ಬಗ್ಗೆಯೇ. ಡೇವಿಡ್‌ಸನ್‌ನಲ್ಲಿ ಯಾರೋ ಇದನ್ನು ನಿಜವಾದ ಮನುಷ್ಯ ಅಂದುಕೊಂಡು ಪೊಲೀಸರಿಗೆ ಫೋನ್ ಮಾಡಿದ್ದರು. ಮನೆ ಇಲ್ಲದವರು ಬೆಂಚಿನ ಮೇಲೆ ಮಲಗುವುದು ಅಲ್ಲಿನವರಿಗೆ ಗೊತ್ತಿರುವ ನೋಟ. ನಮ್ಮಲ್ಲಿ ಹಾಗಲ್ಲ. ಇಲ್ಲಿ ನೆಲೆ ಇಲ್ಲದವರು ತೋಟದ ಒಳಗೆ, ಮಾಲೀಕರು ಕೆಲಸದವರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿ ಇದ್ದಾರೆ. ಸೂರು ಇದೆ, ಅದು ಅವರದ್ದಲ್ಲ. ಕೆಲಸ ಬಿಟ್ಟ ದಿನ ಪಾತ್ರೆ-ಪಗಡೆ ಎತ್ತಿಕೊಂಡು ಹೊರಡಬೇಕು. ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದವರಲ್ಲಿ ಎಷ್ಟೋ ಜನ ಇಂಥ ಲೈನ್ ಮನೆಗಳಿಂದಲೇ ಬಂದವರು. ಪರದೇಶದ ಬಡವನನ್ನು ಕಂಚಿನಲ್ಲಿ ನೋಡಿ ಅಯ್ಯೋ ಅನ್ನುವುದು ಸುಲಭ. ಪೂಜೆ ಮುಗಿಸಿ ಜೀಪ್ ಹತ್ತುವವರಲ್ಲಿ ತೋಟದ ಯಜಮಾನರೂ ಇರುತ್ತಾರೆ. ಅವರ ಲೈನಿನ ಹೆಂಚು ಸೋರುವುದನ್ನು ಈ ಶಿಲ್ಪ ಅವರಿಗೆ ನೆನಪಿಸುತ್ತದೆಯೇ? ನನಗೆ ನಂಬಿಕೆ ಇಲ್ಲ.

ಜಾಗದ ತೊಡಕೂ ಇದೆ. ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಹೇಳಿದೆ. ಹಾಗಾಗಿ ಚರ್ಚಿನ ಕಾಂಪೌಂಡ್ ಒಳಗೇ ಇಡಬೇಕು. ಸಂತೆಯಿಂದ ಬಂದ ಅಜ್ಜಿ ಗೇಟ್ ತಳ್ಳಿಕೊಂಡು ಒಳಗೆ ಬರುತ್ತಾರಾ? ಬಂದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಬೆಂಚು ಒದ್ದೆಯೇ. ಅವರಿಗೆ ಸುಮ್ನೆ ಒಂದು ಮಾಡು ಹಾಕಿದ ಬಸ್ ಸ್ಟ್ಯಾಂಡ್ ಸಾಕು.

ಮಾಡಿಸಲೇಬೇಕು ಎಂದು ಹಟ ಇದ್ದರೆ, ಇಲ್ಲಿನ ಶಿಲ್ಪಿಯೊಬ್ಬರನ್ನು ಕರೆಸಿ. ದಿಡ್ಡಳ್ಳಿಯಿಂದ ಎದ್ದು ಹೋದವರು ಈಗ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಇದ್ದಾರೆ. ಶಿಲ್ಪಿಯನ್ನು ಮೊದಲು ಅಲ್ಲಿಗೆ ಕಳಿಸಿ, ಏನು ಮಾಡಬೇಕು ಎಂದು ಅವರನ್ನೇ ಕೇಳಲಿ. ಅವರೂ ಬೆಂಚೇ ಇರಲಿ ಅಂದರೆ ನನ್ನದೇನೂ ತಕರಾರಿಲ್ಲ.